ಯಾವ ಉಪವಾಸ ಯಾರಿಗೆ? ಕಿಲೋ ಲೆಕ್ಕಕ್ಕಿಂತ ಮೊದಲು ಹಸಿವಿನ ಹೊತ್ತು ನೋಡಿ

ಮಧ್ಯಂತರ ಉಪವಾಸ ಶುರು ಮಾಡಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಯಾವ ವಿಧಾನದಲ್ಲಿ ತೂಕ ಬೇಗ ಇಳಿಯುತ್ತದೆ? ಸಹಜವಾದ ಪ್ರಶ್ನೆಯೇ. ನಾನೂ ಅದನ್ನೇ ಕೇಳಿಕೊಂಡು ಹೊರಟೆ. ಒಂದೂವರೆ ವರ್ಷದಲ್ಲಿ ಮೂರು ವಿಧಾನಗಳನ್ನು ಮಾಡಿ ನೋಡಿದ್ದೇನೆ, ಎರಡನ್ನು ಕೈಬಿಟ್ಟಿದ್ದೇನೆ. ಈಗ ಯಾರಾದರೂ ಸಲಹೆ ಕೇಳಿದರೆ ನಾನು ಬೇರೆಯೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮಗೆ ಹಸಿವಾಗುವುದು ಯಾವ ಹೊತ್ತಿಗೆ? ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ಚುರುಗುಟ್ಟುತ್ತದೆಯೋ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಬಾಯಿ ಏನನ್ನೋ ಬೇಡುತ್ತದೆಯೋ? ಸ್ವಲ್ಪ ತಿಂದರೆ ಹಸಿವು ತಣಿಯುತ್ತದೆಯೋ, ಇನ್ನೂ ಕೆರಳುತ್ತದೆಯೋ?

ಕಾರಣ ಇಷ್ಟೇ. ಈ ವಿಧಾನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಅಳೆದಾಗ ಇಳಿಯುವ ಕಿಲೋಗಳಲ್ಲಿ ದೊಡ್ಡ ಅಂತರ ಕಾಣುವುದಿಲ್ಲ. ಅಂತರ ಕಾಣುವುದು ಯಾರು ಕೊನೆಯವರೆಗೆ ಉಳಿದರು, ಯಾರು ನಡುವೆ ಬಿಟ್ಟರು ಎಂಬಲ್ಲಿ. ಬಿಡಿಸುವುದು ಬಹುಪಾಲು ಹಸಿವೇ.

ಮೊದಲು ಹೆಸರುಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದಿನದ ಊಟವನ್ನೆಲ್ಲ ನಿಗದಿತ ಗಂಟೆಗಳೊಳಗೆ ಮುಗಿಸುವುದು ಒಂದು ಬಗೆ. 8 ಗಂಟೆ ಊಟದ ಅವಧಿ, ಉಳಿದ 16 ಗಂಟೆ ಉಪವಾಸ ಎಂದಾದರೆ 16:8. ಸ್ವಲ್ಪ ಸಡಿಲವಾದದ್ದು 14:10. ವಾರದಲ್ಲಿ 5 ದಿನ ಎಂದಿನಂತೆ ಉಂಡು, 2 ದಿನ ಮಹಿಳೆಯರು ಸುಮಾರು 500, ಪುರುಷರು ಸುಮಾರು 600 ಕ್ಯಾಲೊರಿಗೆ ನಿಲ್ಲಿಸುವುದು 5:2. ಒಂದು ದಿನ ಧಾರಾಳ, ಮರುದಿನ ಕಾಲು ಭಾಗದಷ್ಟು ಮಾತ್ರ ಉಣ್ಣುವುದು ದಿನ ಬಿಟ್ಟು ದಿನದ ಉಪವಾಸ. ದಿನಕ್ಕೆ ಒಂದೇ ಊಟ ಮಾಡುವವರೂ ಇದ್ದಾರೆ. ಇವೆಲ್ಲದರ ಎದುರಿಗೆ ಹಳೆಯ ದಾರಿಯೊಂದಿದೆ: ಉಪವಾಸವೇ ಇಲ್ಲದೆ, ದಿನವೂ ಪ್ರತಿ ಹೊತ್ತಿನಲ್ಲೂ ಸ್ವಲ್ಪ ಕಡಿಮೆ ಉಣ್ಣುವುದು. ಹೋಲಿಕೆ ಮಾಡುವಾಗ ಈ ಕೊನೆಯದನ್ನು ಮರೆಯಬಾರದು. ಉಪವಾಸ ಗೆಲ್ಲಬೇಕಾದದ್ದು ಇದರ ಎದುರಿಗೇ.

ತೂಕದ ಲೆಕ್ಕ

ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ಕ್ರಿಸ್ಟಾ ವರಾಡಿ ಅವರ ತಂಡ ದಿನ ಬಿಟ್ಟು ದಿನದ ಉಪವಾಸವನ್ನು ಒಂದು ವರ್ಷ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಒಟ್ಟು 100 ಮಂದಿ ಇದ್ದರು. ಉಪವಾಸದವರ ತೂಕ ಶೇ 6.0ರಷ್ಟು, ದಿನವೂ ಕಡಿಮೆ ಉಂಡವರದು ಶೇ 5.3ರಷ್ಟು ಇಳಿಯಿತು. ಇದು ಬೇರೆ ಎಂದು ಹೇಳುವಷ್ಟು ವ್ಯತ್ಯಾಸವಲ್ಲ. ಆದರೆ ಉಪವಾಸದ ಗುಂಪಿನಲ್ಲಿ ಶೇ 38ರಷ್ಟು ಜನ ನಡುವೆಯೇ ಬಿಟ್ಟುಹೋದರು. ಇನ್ನೊಂದು ಗುಂಪಿನಲ್ಲಿ ಬಿಟ್ಟವರು ಶೇ 29. ವಾರದಲ್ಲಿ ಎರಡು ದಿನದ ಪದ್ಧತಿಯನ್ನು ಇಂಗ್ಲೆಂಡಿನ ಮಿಷೆಲ್ ಹಾರ್ವಿ ಮತ್ತು ಸಂಗಡಿಗರು 107 ಮಹಿಳೆಯರಲ್ಲಿ ಆರು ತಿಂಗಳು ನೋಡಿ 2011ರಲ್ಲಿ ವರದಿ ಮಾಡಿದರು. ಅಲ್ಲಿ 6.4 ಕಿಲೋ, ದಿನವೂ ಕಡಿಮೆ ಉಂಡವರಲ್ಲಿ 5.6 ಕಿಲೋ. ಮತ್ತೆ ಅದೇ ಕತೆ.

16:8ರ ಲೆಕ್ಕ ಮೇಲ್ನೋಟಕ್ಕೆ ಗೊಂದಲ ಹುಟ್ಟಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 116 ಮಂದಿಯಲ್ಲಿ ಅರ್ಧದಷ್ಟು ಜನ 12 ವಾರ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಉಂಡರು. ಇಳಿದದ್ದು 0.94 ಕಿಲೋ. ದಿನಕ್ಕೆ ಮೂರು ಹೊತ್ತು ಉಂಡವರೂ 0.68 ಕಿಲೋ ಇಳಿದಿದ್ದರು. ಅಂದರೆ ಉಪವಾಸದಿಂದ ದಕ್ಕಿದ್ದು ಹೆಚ್ಚುಕಡಿಮೆ ಏನೂ ಇಲ್ಲ. ಇತ್ತ ಶಿಕಾಗೊ ತಂಡ 2023ರಲ್ಲಿ ಪ್ರಕಟಿಸಿದ ಒಂದು ವರ್ಷದ ಅಧ್ಯಯನದಲ್ಲಿ, ಮೊದಲ ಆರು ತಿಂಗಳು ಅದೇ ಮಧ್ಯಾಹ್ನ 12ರಿಂದ 8ರ ಅವಧಿ ಪಾಲಿಸಿದವರು, ಏನನ್ನೂ ಬದಲಿಸದವರಿಗಿಂತ 4.61 ಕಿಲೋ ಹೆಚ್ಚು ಇಳಿದರು. ಒಂದೇ ವಿಧಾನ, ಒಂದೇ ಹೊತ್ತು, ಫಲ ಮಾತ್ರ ಬೇರೆ.

ಇದನ್ನು ಬಿಡಿಸುವ ಸುಳುಹು ತಟ್ಟೆಯಲ್ಲಿದೆ. ಎರಡನೆಯ ಅಧ್ಯಯನದಲ್ಲಿ ಯಾರೂ ಕ್ಯಾಲೊರಿ ಎಣಿಸಲಿಲ್ಲ, ಆದರೂ ಅವರ ದಿನದ ಆಹಾರ ಸರಾಸರಿ 425 ಕ್ಯಾಲೊರಿಯಷ್ಟು ತಾನಾಗಿ ತಗ್ಗಿತ್ತು. ಅದರ ಜೊತೆಗೆ ಆಹಾರ ತಜ್ಞರ ಮಾರ್ಗದರ್ಶನವೂ ಇತ್ತು. ಗಡಿಯಾರ ತಾನೇ ಕೊಬ್ಬು ಕರಗಿಸುವುದಿಲ್ಲ. ಗಡಿಯಾರದಿಂದಾಗಿ ನೀವು ಕಡಿಮೆ ಉಂಡರೆ ಕರಗುತ್ತದೆ. ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಎರಡೂ ಗುಂಪಿಗೆ ಒಂದೇ ಮಟ್ಟದ ಕ್ಯಾಲೊರಿ ಮಿತಿ. ಒಂದು ಗುಂಪು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕು. ವರ್ಷದ ಕೊನೆಗೆ ಆ ಗುಂಪಿನಲ್ಲಿ 8.0 ಕಿಲೋ, ಇನ್ನೊಂದರಲ್ಲಿ 6.3 ಕಿಲೋ ಇಳಿಕೆ. ಅಂಕಿಅಂಶದ ಒರೆಗಲ್ಲಿಗೆ ಹಚ್ಚಿದರೆ ಆ ಅಂತರ ನಿಲ್ಲಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೊಂದು ಅಪವಾದ ಇದೆ. 2025ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಿಂದ ಬಂದ 165 ಮಂದಿಯ ಅಧ್ಯಯನದಲ್ಲಿ ವಾರಕ್ಕೆ 3 ದಿನ ಶೇ 80ರಷ್ಟು ಆಹಾರ ತಗ್ಗಿಸಿದವರು ವರ್ಷದಲ್ಲಿ ಶೇ 7.6ರಷ್ಟು ತೂಕ ಇಳಿಸಿದರು. ದಿನವೂ ಕಡಿಮೆ ಉಂಡವರು ಶೇ 5. ಎರಡೂ ಗುಂಪಿಗೆ ತಜ್ಞರ ಬೆಂಬಲ ಇತ್ತು. ಕೆಲವರಿಗೆ ‘ಇಂದು ಬೇಡ, ನಾಳೆ ಸರಿ’ ಎಂಬ ಕಟ್ಟು ದಿನನಿತ್ಯದ ಅಳತೆಗಿಂತ ಹಗುರ ಎನಿಸುತ್ತದೆ ಎಂಬುದಕ್ಕೆ ನಾನು ಇದನ್ನು ಸಾಕ್ಷಿಯಾಗಿ ಓದುತ್ತೇನೆ.

ಮೊದಲ ವಾರದ ಇಳಿಕೆಯನ್ನು ನೆಚ್ಚಿಕೊಂಡು ಯಾವ ವಿಧಾನವನ್ನೂ ಆರಿಸಬೇಡಿ. ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು 100 ಗ್ರಾಂ ಇರುತ್ತದೆ, ಸ್ನಾಯುಗಳಲ್ಲಿ ಇನ್ನೂ ಹೆಚ್ಚು. ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಉಪವಾಸದಲ್ಲಿ ಗ್ಲೈಕೋಜನ್ ಖರ್ಚಾದಂತೆ ನೀರೂ ಹೊರಟುಹೋಗುತ್ತದೆ. ತೂಕದ ಯಂತ್ರ ಮೂರನೆಯ ದಿನಕ್ಕೇ ಒಂದೂವರೆ ಕಿಲೋ ಕಡಿಮೆ ತೋರಿಸಿದಾಗ ಆಗುವ ಹಿಗ್ಗು ನನಗೆ ಚೆನ್ನಾಗಿ ಗೊತ್ತು. ಎರಡು ಹೊತ್ತು ಸರಿಯಾಗಿ ಉಂಡ ಮೇಲೆ ಅದು ವಾಪಸು ಬಂದಾಗ ಆಗುವ ಕುಗ್ಗೂ ಗೊತ್ತು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಡಿತ ಮಾಡಿದರೂ ಅಷ್ಟು ಕರಗಲು ಹದಿನೈದು ದಿನ ಬೇಕು. ಯಾವ ಉಪವಾಸವೂ ಈ ಗಣಿತವನ್ನು ತಪ್ಪಿಸುವುದಿಲ್ಲ.

ಹಸಿವು ಗಡಿಯಾರ ನೋಡುತ್ತದೆ

ಜಠರದಿಂದ ಹೊರಟು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ಮಸಾಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅವರ ತಂಡ 1999ರಲ್ಲಿ ಗುರುತಿಸಿತು. ಹೊಟ್ಟೆ ಖಾಲಿಯಾದಷ್ಟೂ ಗ್ರೆಲಿನ್ ಏರುತ್ತಲೇ ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜ ಹಾಗಿಲ್ಲ. ಅದು ನಮಗೆ ರೂಢಿಯಾದ ಊಟದ ಹೊತ್ತಿಗೆ ಮುಂಚಿತವಾಗಿ ಏರುತ್ತದೆ. ಇಡೀ ದಿನ ಏನೂ ತಿನ್ನದೆ ಇದ್ದವರ ರಕ್ತವನ್ನು ಪದೇಪದೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಹೊತ್ತು ಬಂದಾಗ ಏರಿದ ಗ್ರೆಲಿನ್ ಆ ಹೊತ್ತು ಕಳೆದ ಮೇಲೆ ಊಟವಿಲ್ಲದೆಯೇ ಇಳಿದಿತ್ತು. ಹಸಿವು ಬೆಟ್ಟದ ಹಾಗೆ ಏರುತ್ತಲೇ ಹೋಗುವುದಿಲ್ಲ, ಅಲೆಯಂತೆ ಬಂದು ಹೋಗುತ್ತದೆ. ಉಪವಾಸ ಆರಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಸಂಗತಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಇದನ್ನು ನಾನು ನನ್ನ ಮೇಜಿನ ಮುಂದೆಯೇ ನೋಡಿದೆ. 16:8 ಶುರು ಮಾಡಿದ ದಿನದಿಂದ ಒಂದು ಚಿಕ್ಕ ನೋಟ್‌ಪುಸ್ತಕ ಇಟ್ಟುಕೊಂಡಿದ್ದೆ. ಹಸಿವಾದಾಗಲೆಲ್ಲ ಹೊತ್ತು ಬರೆದು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡುವುದು. ಮೊದಲ ದಿನ ಬೆಳಿಗ್ಗೆ ಹತ್ತೂವರೆಗೆ ಎಂಟು ಅಂಕ. ಕೈ ಕೆಲಸದಲ್ಲಿದ್ದರೂ ಕಣ್ಣು ಗಡಿಯಾರದ ಮೇಲೆ, ಓದಿದ ಸಾಲನ್ನೇ ಮತ್ತೆ ಓದುವ ಸ್ಥಿತಿ, ಪಕ್ಕದಲ್ಲಿ ಯಾರಾದರೂ ಪೊಟ್ಟಣ ಬಿಚ್ಚಿದ ಸದ್ದಾದರೆ ಸಾಕು ಬಾಯಲ್ಲಿ ನೀರು. ಒಂದು ಲೋಟ ನೀರು ಕುಡಿದು ಕುಳಿತೆ. ಹನ್ನೊಂದೂಕಾಲಿಗೆ ಬರೆದ ಅಂಕ ನಾಲ್ಕು. ನಾನು ಏನೂ ತಿಂದಿರಲಿಲ್ಲ. ಐದನೆಯ ದಿನ ಅದೇ ಹತ್ತೂವರೆಗೆ ಆರು, ಹನ್ನೆರಡನೆಯ ದಿನಕ್ಕೆ ಮೂರು. ಮೂರನೆಯ ವಾರದ ಪುಟಗಳಲ್ಲಿ ಹತ್ತೂವರೆಯ ಸಾಲೇ ಇಲ್ಲ. ಹಸಿವು ಹನ್ನೆರಡು ಗಂಟೆಯ ಹತ್ತಿರಕ್ಕೆ ಸರಿದುಕೊಂಡಿತ್ತು. ಬೆಳಗಿನ ತಿಂಡಿ ಬಿಟ್ಟರೆ ಜೀವವೇ ಹೋಗುತ್ತದೆ ಎಂದು ನಲವತ್ತು ವರ್ಷ ನಂಬಿದ್ದ ದೇಹ ಮೂರು ವಾರಕ್ಕೆ ಹೊಸ ಹೊತ್ತನ್ನು ಕಲಿತಿತ್ತು.

ಆದರೆ ರಾತ್ರಿಯ ಹಸಿವು ಹಾಗೆ ಕಲಿಯಲಿಲ್ಲ. ಅದಕ್ಕೂ ಕಾರಣ ಇದೆ. ಅಮೆರಿಕದ ಫ್ರ್ಯಾಂಕ್ ಶೀರ್ ಮತ್ತು ಸಹೋದ್ಯೋಗಿಗಳು ಸ್ವಯಂಸೇವಕರನ್ನು ಹಗಲು ರಾತ್ರಿಯ ಸುಳಿವೇ ಸಿಗದ ಕೋಣೆಯಲ್ಲಿಟ್ಟು, ಊಟ ನಿದ್ದೆಗಳ ಪ್ರಭಾವವನ್ನು ಬೇರ್ಪಡಿಸಿ ಹಸಿವನ್ನು ಅಳೆದು 2013ರಲ್ಲಿ ಬರೆದರು: ದೇಹದ ಒಳಗಡಿಯಾರದ ಪ್ರಕಾರ ಹಸಿವು ಅತಿ ಕಡಿಮೆ ಇರುವುದು ಬೆಳಿಗ್ಗೆ 8ರ ಸುಮಾರಿಗೆ, ಅತಿ ಹೆಚ್ಚು ರಾತ್ರಿ 8ರ ಸುಮಾರಿಗೆ. ಬೆಳಗಿನ ತಿಂಡಿ ಬಿಡುವುದು ಸುಲಭ, ರಾತ್ರಿಯೂಟ ಬಿಡುವುದು ಕಷ್ಟ ಎಂಬುದು ಮನೋಬಲದ ಮಾತಷ್ಟೇ ಅಲ್ಲ, ದೇಹದ ಕಟ್ಟಳೆ.

16:8ರಲ್ಲಿ ಎರಡು ಬೇರೆ ಬೇರೆ ವಿಧಾನಗಳು

ಇಲ್ಲಿಂದಲೇ ನಿಜವಾದ ಆಯ್ಕೆ ಶುರುವಾಗುತ್ತದೆ. ಎಂಟು ಗಂಟೆಯ ಅವಧಿಯನ್ನು ಮಧ್ಯಾಹ್ನದಿಂದ ರಾತ್ರಿಗೆ ಇಟ್ಟುಕೊಳ್ಳುವುದೂ ಬೆಳಗಿನಿಂದ ಸಂಜೆಗೆ ಇಟ್ಟುಕೊಳ್ಳುವುದೂ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಎರಡೂ ಒಂದೇ ಎಂದು ತಿಳಿದೇ ಹೆಚ್ಚಿನವರು ಮೊದಲನೆಯದನ್ನು ಹಿಡಿಯುತ್ತಾರೆ.

ತಡದ ಅವಧಿ ಬೆಳಿಗ್ಗೆ ಸಲೀಸು. ಮನೆಯವರ ಜೊತೆ ರಾತ್ರಿಯೂಟ ತಪ್ಪುವುದಿಲ್ಲ, ಗೆಳೆಯರ ಕೂಟ ತಪ್ಪುವುದಿಲ್ಲ. ನಾನು ನಾಲ್ಕು ತಿಂಗಳು ಮಾಡಿದ್ದು ಇದನ್ನೇ. ಮೊದಲ ಎರಡು ತಿಂಗಳಲ್ಲಿ ಮೂರು ಕಿಲೋ ಇಳಿಯಿತು, ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ಏಕೆಂದು ನೋಟ್‌ಪುಸ್ತಕ ತಿರುವಿದರೆ ಉತ್ತರ ಏಳೂವರೆಯ ಸಾಲುಗಳಲ್ಲಿತ್ತು. ಊಟ ಏಳಕ್ಕೇ ಮುಗಿದಿರುತ್ತಿತ್ತು. ಏಳೂವರೆಗೆ ಹಸಿವಿನ ಅಂಕ ಒಂದೋ ಎರಡೋ. ಆದರೂ ‘ಇನ್ನು ಅರ್ಧ ಗಂಟೆ, ಆಮೇಲೆ ನಾಳೆ ಮಧ್ಯಾಹ್ನದವರೆಗೆ ಏನೂ ಇಲ್ಲ’ ಎಂಬ ಯೋಚನೆ ಬಂದೊಡನೆ ಕೈ ಡಬ್ಬಿಯ ಕಡೆ ಹೋಗುತ್ತಿತ್ತು. ಒಂದು ಹಿಡಿ ಬೀಜಗಳು, ಒಂದು ತುಂಡು ಸಿಹಿ, ಮತ್ತೊಂದು ಹಿಡಿ. ಅದು ಹಸಿವಲ್ಲ, ಬಾಗಿಲು ಮುಚ್ಚುವ ಮುನ್ನ ಒಳಗೆ ತುಂಬಿಕೊಳ್ಳುವ ಆತುರ. ಉಪವಾಸದ ಹದಿನಾರು ಗಂಟೆಯಲ್ಲಿ ಉಳಿಸಿದ್ದನ್ನು ನಾನು ಆ ಅರ್ಧ ಗಂಟೆಯಲ್ಲಿ ಖರ್ಚು ಮಾಡುತ್ತಿದ್ದೆ. ರಾತ್ರಿ ತಿನ್ನುವ ಚಟವಿರುವವರಿಗೆ ತಡದ ಅವಧಿಯನ್ನು ನಾನು ಸೂಚಿಸದಿರುವುದು ಇದೇ ಕಾರಣಕ್ಕೆ.

ಮುಂಚಿನ ಅವಧಿಯ ಪರವಾಗಿ ಇರುವ ಸಾಕ್ಷ್ಯ ಚಿಕ್ಕದಾದರೂ ಗಟ್ಟಿ. ಅಮೆರಿಕದ ಸಂಶೋಧಕಿ ಕೋರ್ಟ್ನಿ ಪೀಟರ್ಸನ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧುಮೇಹದ ಅಂಚಿನಲ್ಲಿದ್ದ 8 ಪುರುಷರು 5 ವಾರ ದಿನದ ಊಟವನ್ನೆಲ್ಲ 6 ಗಂಟೆಯೊಳಗೆ, ಕೊನೆಯ ಊಟವನ್ನು ಮಧ್ಯಾಹ್ನ 3ಕ್ಕೆ ಮುಂಚೆ ಮುಗಿಸಿದರು. ತೂಕ ಇಳಿಯದಂತೆ ನೋಡಿಕೊಳ್ಳಲಾಗಿತ್ತು. ಆದರೂ ದೇಹ ಇನ್ಸುಲಿನ್‌ಗೆ ಸ್ಪಂದಿಸುವ ಬಗೆ ಉತ್ತಮವಾಯಿತು, ರಕ್ತದೊತ್ತಡ ಇಳಿಯಿತು, ಮುಖ್ಯವಾಗಿ ಸಂಜೆ ತಿನ್ನಬೇಕೆಂಬ ಬಯಕೆಯೇ ತಗ್ಗಿತು. 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಇದರ ಮಗ್ಗುಲನ್ನು ತೋರಿಸಿತು. ಹೆಚ್ಚು ತೂಕದ 16 ಮಂದಿಗೆ ಅದೇ ಊಟವನ್ನು ಸುಮಾರು 4 ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ಹೊಟ್ಟೆ ತುಂಬಿದೆ ಎಂದು ತಿಳಿಸುವ ಲೆಪ್ಟಿನ್ ಕಡಿಮೆಯಾಯಿತು, ದೇಹ ಖರ್ಚು ಮಾಡುವ ಶಕ್ತಿಯೂ ತಗ್ಗಿತು.

ಹಾಗೆಂದು ಎಲ್ಲರೂ ಮಧ್ಯಾಹ್ನ ಮೂರಕ್ಕೇ ಊಟ ಮುಗಿಸಿ ಎಂದು ನಾನು ಹೇಳಲಾರೆ. ಮನೆಯವರೆಲ್ಲ ರಾತ್ರಿ ಒಟ್ಟಿಗೆ ಕೂತು ಉಣ್ಣುವಾಗ ಒಬ್ಬರು ನೀರಿನ ಲೋಟ ಹಿಡಿದು ಕೂರುವುದು ನಾಲ್ಕು ದಿನ ಆಗುತ್ತದೆ, ನಾಲ್ಕು ತಿಂಗಳು ಆಗುವುದಿಲ್ಲ. ನಡುವಿನ ದಾರಿ ಇದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಅಂದರೆ 9 ಗಂಟೆಯ ಅವಧಿ. ಮನೆಯ ರಾತ್ರಿಯೂಟವನ್ನೇ ಒಂದು ಗಂಟೆ ಮೊದಲೇ ಮಾಡಲು ಎಲ್ಲರನ್ನೂ ಒಪ್ಪಿಸಿದರೆ ಇದು ಒಬ್ಬರ ವ್ರತವಾಗಿ ಉಳಿಯುವುದಿಲ್ಲ, ಮನೆಯ ಪದ್ಧತಿಯಾಗುತ್ತದೆ.

ವಾರಕ್ಕೆರಡು ದಿನ, ದಿನ ಬಿಟ್ಟು ದಿನ

ದಿನಚರಿ ಒಂದೇ ಥರ ಇಲ್ಲದವರಿಗೆ, ಪಾಳಿಯ ಕೆಲಸದವರಿಗೆ, ವಾರದ ಕೊನೆಯಲ್ಲಿ ಮಾತ್ರ ಧಾರಾಳವಾಗಿ ಉಣ್ಣುವ ಅಭ್ಯಾಸದವರಿಗೆ 5:2 ಹೊಂದುತ್ತದೆ. ಯಾವ ಎರಡು ದಿನ ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ನಾನು ಇದನ್ನು ಹತ್ತು ವಾರ ಮಾಡಿದೆ. ಕಷ್ಟ ಎಲ್ಲಿ ಅಂದರೆ, ಮಧ್ಯಾಹ್ನದ ಹೊತ್ತಿಗಲ್ಲ, ಸಂಜೆ ನಾಲ್ಕರ ನಂತರ. ಮೈ ತಣ್ಣಗಾದಂತೆ, ಮಾತು ಚುಟುಕಾದಂತೆ ಆಗುತ್ತದೆ. ಮಕ್ಕಳು ಏನು ಕೇಳಿದರೂ ಮೊದಲು ‘ಆಮೇಲೆ’ ಎಂಬ ಉತ್ತರ ಬರುತ್ತದೆ.

500ರಿಂದ 600 ಕ್ಯಾಲೊರಿಯನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂಬುದರ ಮೇಲೆ ಈ ವಿಧಾನ ನಿಲ್ಲುತ್ತದೆ ಅಥವಾ ಬೀಳುತ್ತದೆ. ಮೂರು ಹೊತ್ತಿಗೆ ಹಂಚಿದಾಗ ನನ್ನ ಹಸಿವು ಪ್ರತಿ ಸಲವೂ ಎಚ್ಚರಗೊಂಡು ಅರ್ಧದಲ್ಲೇ ನಿಂತು ಇನ್ನೂ ರೇಗುತ್ತಿತ್ತು. ಸಂಜೆ ಆರಕ್ಕೆ ಒಂದೇ ಊಟವಾಗಿ ಮಾಡಿದಾಗ ಸುಧಾರಿಸಿತು: ಮೊಟ್ಟೆ ಅಥವಾ ಬೇಳೆ, ತಟ್ಟೆ ತುಂಬ ತರಕಾರಿ, ಒಂದು ಬಟ್ಟಲು ಮೊಸರು. ನಿಮ್ಮದು ಇದಕ್ಕೆ ತದ್ವಿರುದ್ಧವೂ ಆಗಬಹುದು. ಸ್ವಲ್ಪ ತಿಂದರೆ ಸಮಾಧಾನಗೊಳ್ಳುವ ಹಸಿವು ನಿಮ್ಮದಾದರೆ ಎರಡು ಹೊತ್ತಿಗೆ ಹಂಚಿ. ಎರಡೂ ಬಗೆಯನ್ನು ಒಂದೊಂದು ವಾರ ಮಾಡಿ ನೋಡದೆ ತೀರ್ಮಾನಕ್ಕೆ ಬರಬೇಡಿ. ಮರುದಿನ ಮುಗಿಬಿದ್ದು ಉಣ್ಣುತ್ತೇನೆ ಎಂಬ ಭಯ ನನಗಿತ್ತು, ಹಾಗಾಗಲಿಲ್ಲ. ಮರುದಿನ ಬೆಳಿಗ್ಗೆ ಹಸಿವಿನ ಅಂಕ ಎಂದಿಗಿಂತ ಒಂದು ಹೆಚ್ಚಿರುತ್ತಿತ್ತು, ಅಷ್ಟೇ.

ದಿನ ಬಿಟ್ಟು ದಿನದ ಉಪವಾಸವನ್ನು ನಾನು ಎರಡನೆಯ ವಾರಕ್ಕೇ ಬಿಟ್ಟೆ. ನಿದ್ದೆ ಕೆಟ್ಟಿತು, ಮನೆಯಲ್ಲಿ ಸಿಡುಕು ಹೆಚ್ಚಿತು. ಮೇಲೆ ಹೇಳಿದ 2017ರ ಅಧ್ಯಯನದಲ್ಲಿ ಇನ್ನೊಂದು ವಿವರ ಇದೆ: ಉಪವಾಸದ ದಿನ ಜನ ನಿಗದಿಗಿಂತ ಹೆಚ್ಚು ಉಂಡರು, ಊಟದ ದಿನ ನಿಗದಿಗಿಂತ ಕಡಿಮೆ ಉಂಡರು. ತಮಗರಿವಿಲ್ಲದೆ ಅವರು ‘ದಿನವೂ ಸ್ವಲ್ಪ ಕಡಿಮೆ’ ಎಂಬ ಹಳೆಯ ದಾರಿಯ ಕಡೆಗೇ ಜಾರಿದ್ದರು. ದೇಹ ಹಾಗೆ ಎಳೆಯುವುದಾದರೆ ಮೊದಲೇ ಆ ದಾರಿ ಹಿಡಿಯುವುದು ಲೇಸು.

ದಿನಕ್ಕೊಂದೇ ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೇಹಕ್ಕೆ ಬೇಕಾದ ಪ್ರೋಟೀನ್, ನಾರು, ಸುಣ್ಣದಂಶವನ್ನೆಲ್ಲ ಒಂದೇ ಕೂತಿನಲ್ಲಿ ಉಣ್ಣುವುದು ಕಷ್ಟ. ಹೊಸಬರಿಗೆ ಇದನ್ನು ನಾನು ಹೇಳುವುದೇ ಇಲ್ಲ.

ಹಾಗಾದರೆ ದಿನವೂ ಕಡಿಮೆ ಉಣ್ಣುವುದು ಯಾರಿಗೆ? ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆನೋವು ಬರುವವರಿಗೆ, ತಟ್ಟೆಯಲ್ಲಿ ಎಷ್ಟಿದೆ ಎಂದು ಅಳೆಯಲು ಬೇಸರಪಡದವರಿಗೆ, ಒಮ್ಮೆ ತಿನ್ನಲು ಶುರು ಮಾಡಿದರೂ ನಿಲ್ಲಿಸಬಲ್ಲವರಿಗೆ. ಇದರ ಹಸಿವು ಬೂದಿ ಮುಚ್ಚಿದ ಕೆಂಡ: ದಿನವಿಡೀ ಸಣ್ಣಗೆ ಇರುತ್ತದೆ, ಎಂದೂ ಪೂರ್ತಿ ಆರುವುದಿಲ್ಲ. ಉಪವಾಸದ ಹಸಿವು ಭಗ್ಗನೆ ಉರಿದು ತಗ್ಗುವಂಥದ್ದು, ಆಮೇಲೆ ಹೊಟ್ಟೆ ತುಂಬ ಉಂಡ ತೃಪ್ತಿಯೂ ಇರುತ್ತದೆ. ಈ ಎರಡರಲ್ಲಿ ನೀವು ತಾಳಿಕೊಳ್ಳಬಲ್ಲದ್ದು ಯಾವುದು ಎಂಬುದೇ ಆಯ್ಕೆಯ ತಿರುಳು.

ಯಾರು ಇದರ ಗೊಡವೆಗೆ ಹೋಗಬಾರದು

ಇದನ್ನು ಹಗುರವಾಗಿ ಓದಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದು ಬರುವ ಹೆಸರಿನ ಮಧುಮೇಹದ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಬೇರೆಯದೇ ಅಪಾಯ ಇದೆ. ಇವರು ವೈದ್ಯರು ಔಷಧದ ಪ್ರಮಾಣ ಬದಲಿಸಿಕೊಡದ ಹೊರತು ಶುರು ಮಾಡಲೇಬಾರದು. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಬೆಳೆಯುವ ವಯಸ್ಸಿನ ಮಕ್ಕಳು, ಈಗಾಗಲೇ ತೂಕ ಕಡಿಮೆ ಇರುವವರು, ಕೃಶರಾದ ವೃದ್ಧರು ದೂರ ಇರಬೇಕು. ಊಟದ ವಿಷಯದಲ್ಲಿ ಹಿಂದೆ ಮಾನಸಿಕವಾಗಿ ನರಳಿದವರು, ಅಂದರೆ ತಿನ್ನದೆ ಇರುವುದು ಅಥವಾ ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವುದು ಇದ್ದವರು, ಯಾವ ರೂಪದ ಉಪವಾಸವನ್ನೂ ಮುಟ್ಟಬಾರದು. ಶಿಸ್ತು ಎಂಬ ಒಳ್ಳೆಯ ಹೆಸರಿನಲ್ಲಿ ಹಳೆಯ ಕಾಯಿಲೆ ವಾಪಸು ಬರುತ್ತದೆ.

ಉಳಿದವರೂ ಕೆಲವು ಲಕ್ಷಣ ಕಂಡರೆ ನಿಲ್ಲಿಸಬೇಕು: ಕೈ ನಡುಗಿ ಬೆವರುವುದು, ತಲೆ ಸುತ್ತುವುದು, ಮುಟ್ಟು ತಪ್ಪುವುದು, ದಿನದ ಬಹುಪಾಲು ಊಟದ ಯೋಚನೆಯಲ್ಲೇ ಕಳೆಯುವುದು.

ಇನ್ನೊಂದು ಮಾತು. ಜೀವಕೋಶ ತನ್ನ ಕಸವನ್ನು ತಾನೇ ಮರುಬಳಸುವ ಪ್ರಕ್ರಿಯೆಯ ಸಂಶೋಧನೆಗೆ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಅವರು ಅದನ್ನು ಕಂಡದ್ದು ಯೀಸ್ಟ್‌ನಲ್ಲಿ. ಹದಿನಾರು ಗಂಟೆ ಆದೊಡನೆ ಮನುಷ್ಯನ ಮೈಯೊಳಗೆ ಶುದ್ಧೀಕರಣ ಶುರುವಾಗುತ್ತದೆ ಎಂದು ಗಂಟೆ ಎಣಿಸಿ ಹೇಳುವವರ ಮಾತು ಕೇಳಿ ಹದಿನಾಲ್ಕರ ಬದಲು ಹದಿನಾರು, ಹದಿನಾರರ ಬದಲು ಇಪ್ಪತ್ತು ಎಂದು ಹಿಗ್ಗಿಸಬೇಡಿ.

ಆರಿಸಿದ ಮೇಲೆ

ಬೆಳಿಗ್ಗೆ ಹಸಿವಾಗದ, ರಾತ್ರಿ ಕೈ ತಡೆಯಬಲ್ಲ ಜನರಿಗೆ ತಡದ 16:8 ಸಾಕು. ಬೆಳಿಗ್ಗೆ ಹಸಿಯುವವರಿಗೆ, ರಾತ್ರಿ ಕೈ ತಡೆಯಲಾಗದವರಿಗೆ ಮುಂಚಿನ ಅವಧಿ, ಅದೂ 14:10ರಿಂದ ಶುರು. ವಾರಪೂರ್ತಿ ನಿಯಮ ಎಂದರೆ ಉಸಿರು ಕಟ್ಟುವವರಿಗೆ 5:2. ಹಸಿವಾದರೆ ಮನುಷ್ಯರೇ ಬದಲಾಗಿಬಿಡುವಂಥವರಿಗೆ ದಿನವೂ ಸ್ವಲ್ಪ ಕಡಿಮೆ.

ಯಾವುದೇ ಆದರೂ ಮೊದಲ ದಿನವೇ ಹದಿನಾರು ಗಂಟೆಗೆ ಹಾರಬೇಡಿ. ಈಗ ನೀವು ದಿನದ ಎಷ್ಟು ಗಂಟೆ ತಿನ್ನುತ್ತಿದ್ದೀರಿ ಎಂದು ಮೂರು ದಿನ ಬರೆದು ನೋಡಿ, ಬೆಳಗಿನ ಮೊದಲ ಸಕ್ಕರೆಯ ಗುಟುಕಿನಿಂದ ರಾತ್ರಿಯ ಕೊನೆಯ ತುತ್ತಿನವರೆಗೆ. ಅಮೆರಿಕದ ಸಂಶೋಧಕ ಸಚ್ಚಿನ್ ಪಾಂಡಾ ಮತ್ತು ಸಹೋದ್ಯೋಗಿಗಳು 2015ರಲ್ಲಿ ಮೊಬೈಲ್ ಮೂಲಕ ಇದನ್ನು ದಾಖಲಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ದಿನಕ್ಕೆ 15 ಗಂಟೆಯ ಹತ್ತಿರ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಏನಾದರೂ ತಿನ್ನುತ್ತ ಕುಡಿಯುತ್ತ ಇದ್ದರು. ಅಲ್ಲಿಂದ ಹನ್ನೆರಡು ಗಂಟೆಗೆ ಇಳಿಯುವುದೇ ಮೊದಲ ವಾರದ ಕೆಲಸ. ಆಮೇಲೆ ವಾರಕ್ಕೊಂದು ಗಂಟೆ ತಗ್ಗಿಸಿ. ಉಪವಾಸದ ಹೊತ್ತಿನಲ್ಲಿ ನೀರು, ಹಾಲು ಸಕ್ಕರೆ ಇಲ್ಲದ ಚಹಾ ಅಥವಾ ಕಾಫಿ ನಡೆಯುತ್ತದೆ. ಮೊದಲ ದಿನಗಳ ತಲೆನೋವು ಎಷ್ಟೋ ಸಲ ಹಸಿವಿನದಲ್ಲ, ನೀರು ಕಡಿಮೆಯಾದದ್ದರಿಂದ ಅಥವಾ ದಿನದ ಕಾಫಿ ತಪ್ಪಿದ್ದರಿಂದ ಬರುವಂಥದ್ದು.

ಅವಧಿ ಕಿರಿದಾದಾಗ ಮೊದಲು ತಟ್ಟೆಯಿಂದ ಜಾರುವುದು ಪ್ರೋಟೀನ್. 2020ರ ಅಧ್ಯಯನದಲ್ಲಿ ಪ್ರಯೋಗಾಲಯಕ್ಕೇ ಕರೆಸಿ ಅಳೆದವರಲ್ಲಿ, ಉಪವಾಸದ ಗುಂಪು ಕಳೆದುಕೊಂಡ ತೂಕದ ದೊಡ್ಡ ಪಾಲು ಕೊಬ್ಬಲ್ಲ, ಸ್ನಾಯು ಸೇರಿದ ಕೊಬ್ಬಿಲ್ಲದ ಭಾಗವಾಗಿತ್ತು. ಮೂತ್ರಪಿಂಡದ ತೊಂದರೆ ಇಲ್ಲದವರು ದೇಹತೂಕದ ಕಿಲೋಗೆ ದಿನಕ್ಕೆ 1.2 ಗ್ರಾಂನಷ್ಟಾದರೂ ಪ್ರೋಟೀನ್ ಉಣ್ಣಬೇಕು, ವಾರಕ್ಕೆ ಎರಡು ಮೂರು ಸಲ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಮಾಡಬೇಕು. ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ಆರೋಗ್ಯವಂತ ಯುವಕರು ಎರಡು ರಾತ್ರಿ 4 ಗಂಟೆಯಷ್ಟೇ ಮಲಗಿದಾಗ ಗ್ರೆಲಿನ್ ಶೇ 28ರಷ್ಟು ಏರಿ, ಲೆಪ್ಟಿನ್ ಶೇ 18ರಷ್ಟು ಇಳಿದಿತ್ತು. ನನ್ನ ನೋಟ್‌ಪುಸ್ತಕದಲ್ಲಿ ಎಂಟಕ್ಕಿಂತ ಹೆಚ್ಚಿನ ಅಂಕಗಳೆಲ್ಲ ನಿದ್ದೆಗೆಟ್ಟ ರಾತ್ರಿಯ ಮರುದಿನದವು.

ತೂಕ ಇಳಿದ ಮೇಲೂ ಹಸಿವು ಸುಮ್ಮನಾಗುವುದಿಲ್ಲ. ಹತ್ತು ವಾರದ ಕಟ್ಟುನಿಟ್ಟಿನ ಆಹಾರದಿಂದ ತೂಕ ಇಳಿಸಿದವರನ್ನು ಆಸ್ಟ್ರೇಲಿಯಾದ ಸಂಶೋಧಕರು ಒಂದು ವರ್ಷದ ನಂತರ ಪರೀಕ್ಷಿಸಿದಾಗಲೂ ಅವರ ಹಸಿವಿನ ಹಾರ್ಮೋನುಗಳು ಏರಿದ ಮಟ್ಟದಲ್ಲೇ ಇದ್ದವು ಎಂದು 2011ರಲ್ಲಿ ವರದಿಯಾಯಿತು. ತೂಕ ಮರಳಿ ಬಂದವರನ್ನು ಮನಸ್ಸು ಗಟ್ಟಿ ಇಲ್ಲದವರು ಎಂದು ಹಳಿಯುವುದು ನನಗೆ ನೋವಿನ ಸಂಗತಿ. ಅವರ ದೇಹ ಪ್ರತಿದಿನ ಅವರ ವಿರುದ್ಧ ಹಸಿಯುತ್ತಿರುತ್ತದೆ. ಹಾಗಾಗಿ ಮೂರು ತಿಂಗಳ ನಂತರವೂ ಬಿಡದೆ ಮಾಡಬಲ್ಲದ್ದನ್ನೇ ಆರಿಸಿ, ಅದು ಕಾಗದದ ಮೇಲೆ ಎಷ್ಟೇ ಸಪ್ಪೆಯಾಗಿ ಕಂಡರೂ.

ಆರಿಸಿದ್ದಕ್ಕೆ ನಾಲ್ಕು ವಾರ ಕೊಡಿ. ತೂಕವನ್ನು ದಿನದಿನಕ್ಕೆ ಹೋಲಿಸದೆ ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಅದರ ಪಕ್ಕದಲ್ಲೇ ಹಸಿವಿನ ಅಂಕ. ತೂಕ ನಿಧಾನವಾಗಿದ್ದು ಹಸಿವಿನ ಅಂಕ ಇಳಿಯುತ್ತಿದ್ದರೆ ಮುಂದುವರಿಸಿ. ತೂಕ ಇಳಿಯುತ್ತಿದ್ದರೂ ನಾಲ್ಕನೆಯ ವಾರದ ಹಸಿವು ಮೊದಲ ವಾರದಷ್ಟೇ ಇದ್ದರೆ ವಿಧಾನ ಬದಲಿಸಿ. ಆ ಇಳಿಕೆ ಬಹಳ ದಿನ ಬಾಳುವುದಿಲ್ಲ. ನಾನು ಈಗ ಒಂಬತ್ತೂವರೆಯಿಂದ ಆರೂವರೆಯ ಅವಧಿಗೆ ಬಂದು ಏಳು ತಿಂಗಳಾಯಿತು. ಭಾನುವಾರ ಮನೆಯವರೊಂದಿಗೆ ರಾತ್ರಿ ಎಂಟೂವರೆಗೆ ಉಣ್ಣುತ್ತೇನೆ, ಸೋಮವಾರ ಮತ್ತೆ ಆರೂವರೆಗೆ. ಕಳೆದ ವಾರದ ಪುಟದಲ್ಲಿ ಅತಿ ದೊಡ್ಡ ಅಂಕ ಐದು, ಮಂಗಳವಾರ ರಾತ್ರಿ ಒಂಬತ್ತಕ್ಕೆ. ಹತ್ತಕ್ಕೆ ಬರೆದದ್ದು ಎರಡು.